ವ್ಯಾನವಾಸ

ವ್ಯಾನ್ ರಾಯರನ್ನು ಗುರುತಿಸುವುದು ಸುಲಭ. ಇಂಗ್ಲೆಂಡಿನ ಯಾವುದೋ ಊರಿನಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಊಟಕ್ಕೆ ಕೂತಿರುತ್ತಾರೆ. ಮಿಕ್ಕವರು ಹೋಳಿಗೆಗೆ ತುಪ್ಪ ಬರುವ ದಾರಿ ನೋಡುತ್ತಿದ್ದರೆ, ಒಬ್ಬರು ಮಾತ್ರ ಪಕ್ಕದ ಎಲೆಯವರಿಗೆ ತಮ್ಮ ಶೌಚಾಲಯದ ರಚನೆ ವಿವರಿಸುತ್ತಿರುತ್ತಾರೆ. ಅದರ ಡಬ್ಬಿ ಎಷ್ಟು ಲೀಟರಿನದು, ಅದಕ್ಕೆ ಹಾಕುವ ನೀಲಿ ದ್ರಾವಣ ಎಷ್ಟು, ನಾಲ್ಕು ಜನರ ಸಂಸಾರಕ್ಕೆ ಅದು ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಇತ್ಯಾದಿ. ಅವರೇ ರಾಯರು. ಕ್ಯಾಂಪರ್‌ವ್ಯಾನ್ ಕೊಂಡಿದ್ದಾರೆ.

ಕೊಂಡದ್ದು ಸೆಕೆಂಡ್ ಹ್ಯಾಂಡ್ ಫಿಯಟ್ ಡುಕಾಟೊ. ಆದರೆ ವಂಶಾವಳಿ ಮಾತ್ರ ಫೋಕ್ಸ್‌ವ್ಯಾಗನ್ನಿನದು. 1947ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರ, 1950ರಲ್ಲಿ ಅದು ಗಾಡಿಯಾಗಿ ಬೀದಿಗಿಳಿದದ್ದು, ಆಮೇಲೆ ಹಿಪ್ಪಿಗಳು ಅದರ ಮೈಮೇಲೆ ಹೂವು ಬರೆದದ್ದು, ಎಲ್ಲವನ್ನೂ ತಮ್ಮ ಮುತ್ತಜ್ಜನ ಪ್ರತಾಪದ ಹಾಗೆ ಹೇಳುತ್ತಾರೆ. “ಅದಕ್ಕೂ ನಿಮ್ಮ ಡುಕಾಟೊಗೂ ಏನು ಸಂಬಂಧ?” ಎಂದರೆ, “ಸ್ಪಿರಿಟ್ ಸಾರ್, ಸ್ಪಿರಿಟ್” ಎನ್ನುತ್ತಾರೆ.

ರಾಯರ ಲೈಸೆನ್ಸು 1997ರಿಂದ ಈಚಿನದು. ಈಚಿನವರು ಮಾಮೂಲಿ ಕಾರಿನ ಲೈಸೆನ್ಸಿನಲ್ಲಿ 3,500 ಕಿಲೋ ಮೀರಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಬಚ್ಚಲಿನ ತೂಕದ ಯಂತ್ರ ಹಜಾರಕ್ಕೆ ಬರುತ್ತದೆ. ಮೊದಲ ತಪಾಸಣೆ ಅಡುಗೆಮನೆಯದು.

“ರಾಗಿಹಿಟ್ಟು ಎರಡು ಕಿಲೋ ಯಾಕೆ? ಅಲ್ಲಿ ಮುದ್ದೆ ಯಾರು ತಿಂತಾರೆ?”

“ನೀವೇರೀ.”

“ಮಿಕ್ಸಿಯಂತೂ ಬೇಡವೇ ಬೇಡ. ಐದು ಕಿಲೋ ಇದೆ ನೋಡು.”

ಶ್ರೀಮತಿಯವರು ವಾದಿಸುವುದಿಲ್ಲ. ಮಿಕ್ಸಿಯನ್ನು ರಜಾಯಿಯಲ್ಲಿ ಸುತ್ತಿ ಹಾಸಿಗೆಯ ಕೆಳಗಿನ ಖಾನೆಗೆ ಸೇರಿಸುತ್ತಾರೆ. ಅಷ್ಟರಲ್ಲಿ ರಾಯರು ವ್ಯಾನಿನ ಪಕ್ಕಕ್ಕೆ ಕಟ್ಟುವ ಬಟ್ಟೆಯ ಚಪ್ಪರ, ಅದರ ಕಂಬ, ಗೂಟ, ಸುತ್ತಿಗೆ, ಮಡಚುವ ಕುರ್ಚಿ, ಇಪ್ಪತ್ತೈದು ಮೀಟರಿನ ಕೇಬಲ್ಲು, ಎರಡು ಬಗೆಯ ಹೋಸ್ ಪೈಪು ಹೇರುತ್ತಿರುತ್ತಾರೆ. ಇವು ಯಾವುವೂ ತೂಕದ ಯಂತ್ರ ಹತ್ತುವುದಿಲ್ಲ. ಇವು ಸಲಕರಣೆ, ರಾಗಿಹಿಟ್ಟು ಲಗೇಜು.

ಆಗಸ್ಟ್ ತಿಂಗಳ ಕೊನೆಯ ಸೋಮವಾರ ಅಲ್ಲಿ ಬ್ಯಾಂಕ್ ಹಾಲಿಡೇ. ಅದಕ್ಕೆ ಅಂಟಿಕೊಂಡ ವಾರಾಂತ್ಯಕ್ಕೆಂದು ರಾಯರು ಮಿಲ್ಟನ್ ಕೀನ್ಸ್ ಬಿಟ್ಟು, ಎಂ1 ಹೆದ್ದಾರಿಯಲ್ಲಿ ತಮ್ಮಂಥವರೇ ನೂರಾರು ಜನರ ಹಿಂದೆ ತೆವಳಿ, ಡರ್ಬಿಶೈರ್‌ನ ಹಾಲಿಡೇ ಪಾರ್ಕ್ ತಲುಪುವಾಗ ಸಂಜೆ. ಸುತ್ತ ಕಲ್ಲುಗೋಡೆಯ ಹಸಿರು ಗದ್ದೆ, ಕುರಿ, ಹಿಂದೆ ಗುಡ್ಡ. ರಾಯರಿಗೆ ಇದೊಂದೂ ಕಾಣುವುದಿಲ್ಲ. ಅವರ ಕಣ್ಣು ರಸಮಟ್ಟದೊಳಗಿನ ಗುಳ್ಳೆಯ ಮೇಲಿರುತ್ತದೆ. ವ್ಯಾನು ಮಟ್ಟಸವಾಗಿ ನಿಲ್ಲಬೇಕು. ಇಲ್ಲದಿದ್ದರೆ ಸಿಂಕಿನ ನೀರು ಹರಿಯದು, ಮಲಗಿದವರ ನೆತ್ತಿಗೆ ರಕ್ತ ಇಳಿಯುತ್ತದೆ. ಮಗಳು ಟಾರ್ಚ್ ಹಿಡಿಯುತ್ತಾಳೆ, ಮಗ ಚಕ್ರಕ್ಕೆ ಹಳದಿ ಪ್ಲಾಸ್ಟಿಕ್ ಅಡೆಗಳನ್ನು ಒಡ್ಡುತ್ತಾನೆ, ಶ್ರೀಮತಿ ಮಳೆಯಲ್ಲಿ ನಿಂತು “ಬನ್ನಿ, ಬನ್ನಿ, ಅಯ್ಯೋ ಸಾಕು” ಎನ್ನುತ್ತಾರೆ. ಹಿಂದೆ ಮುಂದೆ, ಹಿಂದೆ ಮುಂದೆ. ಕೊನೆಗೆ ಗುಳ್ಳೆ ನಡುವೆ ಬಂದು ನಿಂತಾಗ ರಾಯರ ಮುಖದಲ್ಲಿ ಮೂಡುವ ಕಳೆಯನ್ನು ಅವರ ಮದುವೆಯ ಆಲ್ಬಮ್ಮಿನಲ್ಲಿ ಹುಡುಕಿದರೂ ಸಿಗದು.

ನೆರೆಯವನು ನಿವೃತ್ತ ಇಂಗ್ಲಿಷ್ ಗೃಹಸ್ಥ. ಬೆಂಕಿಯ ಭಯಕ್ಕೆ ಗಾಡಿಗೂ ಗಾಡಿಗೂ ಆರು ಮೀಟರ್ ಅಂತರ ಇರಬೇಕೆಂದು ನಿಯಮ. ಇಂಗ್ಲಿಷರ ಸ್ನೇಹಕ್ಕೆ ಅದು ಹೇಳಿ ಮಾಡಿಸಿದ ದೂರ. ಅಷ್ಟು ದೂರದಿಂದಲೇ ಇಬ್ಬರೂ ಬ್ಯಾಟರಿ, ತೇವ, ಛಾವಣಿಯ ಸೋರಿಕೆ ಕುರಿತು ಗಂಟೆಗಟ್ಟಲೆ ಮಾತಾಡುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರು ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ನಿಜವಾದ ಕಥೆ. ಪಾರ್ಕಿನವರು ಪ್ರತಿ ಗಾಡಿಗೂ ಕೊಡುವ ವಿದ್ಯುತ್ತು ಹತ್ತು ಆಂಪಿಯರ್. 230 ವೋಲ್ಟಿನಲ್ಲಿ ಅದು 2,300 ವಾಟ್. ಈ ಲೆಕ್ಕವನ್ನು ರಾಯರು ಊರಿಗೆಲ್ಲ ಹೇಳಿದ್ದಾರೆ. ಮನೆಯ ಮೂರು ಸಾವಿರ ವಾಟಿನ ಕೆಟಲ್ ತಂದ ಅಮಾಯಕರನ್ನು ಕಂಡು ನಕ್ಕಿದ್ದಾರೆ. ಅಂದು ಚಳಿಗೆ ಎರಡು ಸಾವಿರ ವಾಟಿನ ಹೀಟರ್ ಉರಿಯುತ್ತಿತ್ತು. ರಜಾಯಿಯೊಳಗಿಂದ ಮಿಕ್ಸಿ ಈಚೆಗೆ ಬಂತು. 750 ವಾಟು. ಕೊಬ್ಬರಿ, ಹುರಿಗಡಲೆ, ಹಸಿಮೆಣಸಿನಕಾಯಿ. “ಗರ್ರ್” ಎಂಬ ಸದ್ದು ಡರ್ಬಿಶೈರ್ ಕಣಿವೆಯಲ್ಲಿ ಮೊಳಗಿ, ಕುರಿಗಳು ತಲೆಯೆತ್ತಿ ನೋಡುವಷ್ಟರಲ್ಲಿ ದೀಪ, ಹೀಟರ್, ಮಿಕ್ಸಿ ಮೂರೂ ಸ್ತಬ್ಧ.

ನೆರೆಯವನು ಉಪಕರಣದ ಪೆಟ್ಟಿಗೆ ಹಿಡಿದೇ ಓಡಿಬಂದ. ಆರು ಮೀಟರಿನ ಗಡಿ ದಾಟಿದ್ದು ಅದೇ ಮೊದಲು. ನೀರೆತ್ತುವ ಪಂಪ್ ಕೆಟ್ಟು ಕಿರುಚಿತೆಂದು ಅವನ ಭಾವನೆ. ಶ್ರೀಮತಿ ಜಾರಿನ ಮುಚ್ಚಳ ತೆಗೆದು ತೋರಿಸಿದರು. ಅವನು ಬಗ್ಗಿ ನೋಡಿ, ಪಂಪಿನೊಳಗೆ ಹಸಿರು ಕೆಸರು ಹೇಗೆ ಸೇರಿತೆಂದು ಗಂಭೀರವಾಗಿ ಯೋಚಿಸತೊಡಗಿದ.

“ಮಿಕ್ಸಿ ಎಲ್ಲಿಂದ ಬಂತು?” ಎಂದರು ರಾಯರು.

“ಸ್ಪಿರಿಟ್‌ರೀ” ಎಂದರು ಶ್ರೀಮತಿ.

ಇನ್ನು ನಿಸರ್ಗ. ಹಿಂದಿರುವುದು ಪೀಕ್ ಡಿಸ್ಟ್ರಿಕ್ಟ್, 1951ರಲ್ಲಿ ಆದ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ. ಅಲ್ಲಿ ಕಿಂಡರ್ ಸ್ಕೌಟ್ ಎಂಬ 636 ಮೀಟರ್ ಎತ್ತರದ ಬೋಳುಗುಡ್ಡ ಇದೆ. ಜಮೀನ್ದಾರರು ಬೇಟೆಗೆಂದು ಬೇಲಿ ಹಾಕಿಕೊಂಡಿದ್ದ ಆ ಗುಡ್ಡವನ್ನು 1932ರಲ್ಲಿ ನೂರಾರು ಕಾರ್ಮಿಕ ಹುಡುಗರು ನುಗ್ಗಿ ಹತ್ತಿದರು. ಐದು ಜನ ಜೈಲಿಗೂ ಹೋದರು. ಈ ಇತಿಹಾಸವನ್ನು ರಾಯರು ಮಕ್ಕಳಿಗೆ ಕಣ್ಣರಳಿಸಿ ಹೇಳುತ್ತಾರೆ, ಒಂದು ಕೈಯಲ್ಲಿ ಪೊರಕೆ ಹಿಡಿದು ಚಪ್ಪರದ ಮೇಲೆ ನಿಂತ ಮಳೆನೀರನ್ನು ಎತ್ತಿ ಚೆಲ್ಲುತ್ತ. ಗುಡ್ಡಕ್ಕೆ ಹೋಗೋಣವೆಂದು ಮಗಳು ಕೇಳಿದರೆ, “ಗಾಡಿ ನೋಡಿಕೊಳ್ಳೋರು ಯಾರಮ್ಮ?” ಮಕ್ಕಳು ಪಾರ್ಕಿನ ಈಜುಕೊಳಕ್ಕೂ ನಾಣ್ಯ ನುಂಗುವ ಆಟದ ಯಂತ್ರಗಳಿಗೂ ಹೋಗುತ್ತಾರೆ. ಅದಕ್ಕೆ ಹಳ್ಳಿಗಾಡಿನವರೆಗೆ ಬರಬೇಕಿತ್ತೇ ಎಂದು ನೀವು ಕೇಳಬಹುದು. ಶ್ರೀಮತಿಯವರೂ ಕೇಳಿದ್ದಾರೆ, ಮನೆಯಲ್ಲಾದರೆ ಡಿಶ್‌ವಾಶರ್ ಇತ್ತು ಎಂದೂ ಸೇರಿಸಿದ್ದಾರೆ.

ಭಾನುವಾರ ಸಂಜೆ ರಾಯರು ಶೌಚಾಲಯದ ಡಬ್ಬಿ ಎತ್ತಿಕೊಂಡು ಪಾರ್ಕಿನ ಮೂಲೆಯ ಗುಂಡಿಯತ್ತ ನಡೆಯುತ್ತಾರೆ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಕೈ ಅದು. ದಾರಿಯಲ್ಲಿ ಅಂಥದೇ ಡಬ್ಬಿ ಹಿಡಿದು ಎದುರಾಗುವ ಗಂಡಸರಿಗೆಲ್ಲ ಗಂಭೀರವಾಗಿ ತಲೆಬಾಗಿಸುತ್ತಾರೆ, ಅವರೂ ಬಾಗಿಸುತ್ತಾರೆ. ಸುರಿದು, ತೊಳೆದು, ನೀಲಿ ದ್ರಾವಣ ಅಳೆದು ಹಾಕಿ ಹಿಂತಿರುಗುತ್ತಾರೆ. ಹಾಸನದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಪ್ರವಾಸವನ್ನೆಲ್ಲ ವರ್ಣಿಸುತ್ತಾರೆ, ಈ ಅಧ್ಯಾಯ ಒಂದನ್ನು ಬಿಟ್ಟು.

ರಾಯರನ್ನು ನೋಡಿ ನಗುವವರಿಗೆ ನನ್ನದೊಂದು ತಕರಾರಿದೆ. ಆಫೀಸಿನಲ್ಲಿ ಅವರ ಕೆಲಸ ಏನೆಂದು ಹೆಂಡತಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ರಾಯರಿಗೂ ಕೆಲವು ಸೋಮವಾರಗಳಲ್ಲಿ ಸಂಶಯ ಬರುತ್ತದೆ. ಮೀಟಿಂಗಿನ ಮೇಲೆ ಮೀಟಿಂಗು, ಮುಗಿದದ್ದು ಯಾವುದೂ ಇಲ್ಲ. ಇಲ್ಲಿ ಪೈಪು ಜೋಡಿಸಿದರೆ ನೀರು ಬರುತ್ತದೆ, ಡಬ್ಬಿ ಖಾಲಿ ಮಾಡಿದರೆ ಖಾಲಿಯಾಗುತ್ತದೆ. ಅವರು ಗುಡ್ಡ ನೋಡಲು ಬಂದವರಲ್ಲ, ಹಿಡಿದ ಕೆಲಸ ಮುಗಿಯುವುದನ್ನು ನೋಡಲು ಬಂದವರು. ಅದರ ಖರ್ಚು ಹೋಟೆಲ್ಲಿಗಿಂತ ಹೆಚ್ಚು ಎಂಬುದು ಬೇರೆ ಮಾತು.

ರಾಯರು ಮುಂದಿನ ಸಲ ನಿಮ್ಮನ್ನೂ ಕರೆದಾರು. ಹೋಗಿ. ಮಳೆಕೋಟು ಒಯ್ಯಿರಿ, ಮಲಗುವುದಕ್ಕೆ ನಿಮ್ಮದೇ ಟೆಂಟು ಒಯ್ಯಿರಿ. ವ್ಯಾನಿನಲ್ಲಿ ನಾಲ್ಕೇ ಜನಕ್ಕೆ ಜಾಗ. ಬೆಳಿಗ್ಗೆ ಚಟ್ನಿ ಬೇಕಿದ್ದರೆ ಮೊದಲು ಹೀಟರ್ ಆರಿಸಿ.