ಗುಡುಗಿದರೆ ಪ್ಲಗ್ ಕೀಳಿ

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಕೇಳಿದ್ದೇ ತಡ, ನಮ್ಮ ಮನೆಯಲ್ಲಿ ಒಬ್ಬರು ಅಂಗಳದ ಅಡಿಕೆ ಬಾಚಲು ಓಡಿದರೆ ಇನ್ನೊಬ್ಬರು ಫೋನಿನ ವಯರ್ ಕೀಳಲು ಓಡುತ್ತಿದ್ದರು. ಆ ಸಂಸ್ಕಾರದಲ್ಲಿ ಬೆಳೆದ ನಾನು ಈಗ ಸಾಗರದ ಅಡಿಕೆ ವಹಿವಾಟಿನ ಕಚೇರಿಯೊಂದರಲ್ಲಿ ಫೋನ್ ನೋಡಿಕೊಳ್ಳುವವ. ಹೊಸನಗರ, ತೀರ್ಥಹಳ್ಳಿ ಶಾಖೆಗಳೂ ನನ್ನ ಕೊರಳಿಗೇ. ವಯರಿಲ್ಲದ ಫೋನ್ ಹಾಕಿಸಿದ ದಿನ, ‘ಇನ್ನು ಕೀಳಲಿಕ್ಕೆ ವಯರೇ ಇಲ್ಲ’ ಎಂದು ಬೀಗಿದೆ.

‘ಗೋಡೆ ಮೇಲಿನ ಡಬ್ಬಿಗೆ ಎರಡು ವಯರ್ ಹೋಗಿದಾವಲ ಮಾರಾಯ್ರೆ, ಅವೆಂತಕ್ಕೆ?’ ಅಂದ ಅಟೆಂಡರ್.

ಆ ಡಬ್ಬಿಯೇ ಕಂಟ್ರೋಲರ್. ನಮ್ಮವು ಡೆಕ್ಟ್ ಜಾತಿಯ ಫೋನ್‌ಗಳು. 1880ರಿಂದ 1900 ಮೆಗಾಹರ್ಟ್ಸ್ ನಡುವೆ ಮಾತಾಡುತ್ತವೆ. ಬಯಲಲ್ಲಿ 300 ಮೀಟರ್, ಕಟ್ಟಡದೊಳಗೆ 50 ಎನ್ನುವುದು ಪುಸ್ತಕದ ಲೆಕ್ಕ. ಜಂಬಿಟ್ಟಿಗೆ ಗೋಡೆ ದಾಟಿ ಅಡಿಕೆ ಮೂಟೆಗಳ ಹಿಂದೆ ಹೋದರೆ ಅದೂ ಇಲ್ಲ. ಅದಕ್ಕೇ ಅಲ್ಲಲ್ಲಿ ಬೇಸ್ ಸ್ಟೇಷನ್. ಯಾವ ಫೋನ್ ಎಲ್ಲಿದೆ, ಯಾರ ಕರೆ ಯಾರಿಗೆ ಎಂದು ಲೆಕ್ಕ ಇಡುವ ಕೂಡು ಕುಟುಂಬದ ಯಜಮಾನ ಈ ಕಂಟ್ರೋಲರ್.

ಈ ಯಜಮಾನನ ಪ್ರಾಣ ಮಾತ್ರ ಕರೆಂಟಿನ ಕೈಯಲ್ಲಿ. ನಮ್ಮ ಕರೆಂಟಿನ ಕಥೆಯೋ, ಕೇಳಿ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ಹಾಯ್ದು ಬಂದ ಅದನ್ನು 1964ರಿಂದ ಹಿಡಿದು ನಿಲ್ಲಿಸಿರುವುದು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟು. ನಾಡಿಗೆಲ್ಲ ಕರೆಂಟ್ ಕೊಡುವ ಈ ಮೂರೂ ತಾಲ್ಲೂಕುಗಳಲ್ಲಿ ಮೋಡ ಕಂಡರೆ ಕರೆಂಟ್ ಹೋಗುತ್ತದೆ. ಹೋದರೆ ಹೋಗಲಿ; ಬರುವಾಗ ಸಿಡಿಲನ್ನೂ ಜತೆಗೆ ಕರಕೊಂಡು ಬರುತ್ತದೆ.

ಹಾಗೇ ಒಂದು ಸಂಜೆ ಸಾಗರದ ಯಜಮಾನ ಸುಟ್ಟ ವಾಸನೆ ಬಿಟ್ಟು ತೀರಿಕೊಂಡ. ತೀರ್ಥಹಳ್ಳಿಯವರು ಸ್ಪೇರ್ ಕಂಟ್ರೋಲರನ್ನು ಟವೆಲಿನಲ್ಲಿ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟರು. ಶರಾವತಿಯಂತೆ ಅದೂ ಹೊಸನಗರದ ಮೇಲೇ ಸಾಗರಕ್ಕೆ ಬಂತು.

ಗೋಡೆಗೇರಿಸಿದೆ, ಹಸಿರು ದೀಪ ಹತ್ತಿತು. ಹದಿನಾರು ಫೋನ್‌ಗಳಲ್ಲಿ ಒಂದೂ ಉಸಿರೆತ್ತಲಿಲ್ಲ. ಪ್ರತಿ ಕಂಟ್ರೋಲರಿಗೂ ತನ್ನದೇ ಗುರುತಿನ ಸಂಖ್ಯೆ. ಈ ಫೋನ್‌ಗಳು ಸತ್ತವನ ಸಂಖ್ಯೆಯನ್ನೇ ಜಪಿಸುತ್ತ ಅವನನ್ನು ಹುಡುಕುತ್ತಿದ್ದವು. ಒಂದೊಂದನ್ನೂ ಹಿಡಿದು, ಪಿನ್ ಒತ್ತಿ, ಹೊಸ ಯಜಮಾನನ ಪರಿಚಯ ಮಾಡಿಸಬೇಕು. ಯಾರಿಗೆ ಯಾವ ನಂಬರ್ ಎಂಬುದಕ್ಕಾದರೂ ಬ್ಯಾಕಪ್ ನೋಡೋಣವೆಂದರೆ, ಅದಿದ್ದದ್ದು ಸುಟ್ಟ ಡಬ್ಬಿಯೊಳಗೇ!

ನೆನಪಿನ ಮೇಲೆ ನಂಬರ್ ಹಂಚಿದೆ. ಮರುದಿನ ‘ರಾಶಿ ಇಡಿ ಎಷ್ಟು ನಡೀತು?’ ಎಂದು ಅಡಿಕೆ ದರ ಕೇಳುವ ಕರೆಗಳೆಲ್ಲ ಮ್ಯಾನೇಜರಿಗೆ. ಸಾಲದ ವಾಯಿದೆ ಕೇಳುವ ಗುಟ್ಟಿನ ಕರೆ ಗೋದಾಮಿನ ಹಮಾಲಿಗೆ. ಆ ಪುಣ್ಯಾತ್ಮ ‘ಆಗ್ಲಿ, ಇನ್ನೊಂದು ತಿಂಗ್ಳು ತಗಳಿ’ ಅಂದುಬಿಟ್ಟಿದ್ದ.

ಈಗ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುತ್ತೇವೆ. ಸರ್ಜ್ ಪ್ರೊಟೆಕ್ಟರ್ ಬಂದಿದೆ. ಆದರೂ ದೂರದಲ್ಲಿ ಗುಡುಗಿದ ಕೂಡಲೇ ಅಟೆಂಡರ್ ನನ್ನ ಮುಖವನ್ನೂ ನೋಡದೆ ಎದ್ದು ಎರಡೂ ವಯರ್ ಕೀಳುತ್ತಾನೆ. ಅರ್ಧ ಗಂಟೆ ಫೋನಿಲ್ಲ. ಯಾರೂ ಸತ್ತಿಲ್ಲ, ಕಂಟ್ರೋಲರೂ.

ನೀವೂ ಗುಡುಗಿದರೆ ಪ್ಲಗ್ ಕೀಳಿ. ಬ್ಯಾಕಪ್ ಮಾತ್ರ ಅದೇ ಡಬ್ಬಿಯೊಳಗೆ ಇಡಬೇಡಿ.