ಕಾಂಪೌಂಡ್ ಗೋಡೆಯ ರಾವುತ

ಕುದುರೆಯ ಮೇಲೆ ಕೂತವರ ಪ್ರತಿಮೆಗಳನ್ನು ನಾನೀಗ ಬೇರೆಯೇ ಕುತೂಹಲದಿಂದ ನೋಡುತ್ತೇನೆ. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರು ಚೆನ್ನಮ್ಮ, ಬೆಂಗಳೂರಿನ ವೃತ್ತದಲ್ಲಿ ಬಸವಣ್ಣ. ನೆಟ್ಟಗಿನ ಬೆನ್ನು, ತೇಜಸ್ಸಿನ ಮುಖ. ಕೂತ ಜಾಗ ಉರಿಯುತ್ತಿದೆ ಎಂಬುದರ ಸುಳಿವು ಎಲ್ಲೂ ಇಲ್ಲ. ಶಿಲ್ಪಿಗಳು ಕುದುರೆಯ ಮೂಗಿನ ಹೊಳ್ಳೆಯಿಂದ ಹಿಡಿದು ಬಾಲದ ಕೂದಲಿನವರೆಗೆ ಎಲ್ಲವನ್ನೂ ರೂಪಿಸಿದ್ದಾರೆ. ಆದರೆ ಸವಾರಿ ಕಲಿತ ಮರುದಿನದ ಸವಾರನ ಪ್ರತಿಮೆಯನ್ನು ಮಾತ್ರ ಯಾರೂ ಮಾಡಿಲ್ಲ. ಮಾಡಿದರೆ ನಿಲ್ಲಿಸಿಯೇ ಮಾಡಬೇಕು.

ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ಕಟ್ಟಿದವರೂ ಮರ್ಯಾದಸ್ಥರೇ. ಕಾಲು ಎಂದಷ್ಟೇ ಹೇಳಿ ಮಾತು ಮುಗಿಸಿದರು.

ಐವತ್ತು ದಾಟಿದ ಮೇಲೆ ಕುದುರೆ ಸವಾರಿ ಕಲಿಯಲು ಯಾಕೆ ಹೊರಟೆ ಎಂದು ವಿವರಿಸುತ್ತಾ ಕೂರುವುದಿಲ್ಲ. ಕೂರುವುದೇ ಈಗಿನ ಸಮಸ್ಯೆ. ಊರಾಚೆ ಒಂದು ಸವಾರಿ ಶಾಲೆ, ಅಲ್ಲಿ ಸೈನ್ಯದಲ್ಲಿ ಕುದುರೆಗಳ ಜೊತೆಗೇ ತಲೆ ನರೆಸಿಕೊಂಡು ಬಂದ ಉಸ್ತಾದರು, ಕೆಂಚಿ ಎಂಬ ಶಾಂತ ಸ್ವಭಾವದ ಹೆಣ್ಣು ಕುದುರೆ. ಅವಳು ನಡೆಯುವವರೆಗೆ ನಾನು ಚಕ್ರವರ್ತಿ. ಟ್ರಾಟ್ ಶುರುವಾಯಿತೋ, ಮುಗಿಯಿತು. ಟ್ರಾಟ್‌ನಲ್ಲಿ ಕುದುರೆ ಮುಂದಿನ ಒಂದು ಕಾಲನ್ನೂ ಅದರ ಎದುರು ಮೂಲೆಯ ಹಿಂಗಾಲನ್ನೂ ಒಟ್ಟಿಗೆ ಊರುತ್ತದೆ, ಆಮೇಲೆ ಇನ್ನೊಂದು ಜೋಡಿ. ಹೀಗಾಗಿ ಸವಾರನಿಗೆ ಎರಡೇ ತಾಳ: ಏಳು, ಕೂರು. ನಾನು ಕೂರುವಾಗ ಕೆಂಚಿಯ ಬೆನ್ನು ಏಳುತ್ತಿತ್ತು. ಅದು ಇಳಿಯುವಾಗ ನಾನು ಗಾಳಿಯಲ್ಲಿರುತ್ತಿದ್ದೆ. ಒರಳಿಗೂ ಒನಕೆಗೂ ಇರುವ ಸಂಬಂಧ ಅದು, ಇಲ್ಲಿ ಒರಳೂ ಎದ್ದು ಬರುತ್ತದೆ ಎಂಬುದಷ್ಟೇ ವ್ಯತ್ಯಾಸ.

“ಉಸ್ತಾದ್, ಈ ಜೀನು ಸರಿಯಿಲ್ಲ” ಎಂದೆ.

“ಜೀನು ಸರಿಯಾಗೇ ಇದೆ ಸರ್. ಅದರ ಮೇಲಿರೋದು ಸರಿಯಿಲ್ಲ.”

ಇಷ್ಟಕ್ಕೇ ಬಿಡದೆ ಹೈಫಾ ಕಥೆ ತೆಗೆದರು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಮಷಿನ್‌ಗನ್ನುಗಳಿಗೆ ಎದುರಾಗಿ ಕುದುರೆ ನುಗ್ಗಿಸಿ ಆ ಊರನ್ನು ಗೆದ್ದದ್ದು ನನಗೂ ಗೊತ್ತಿತ್ತು. “ಅವರ ಜೀನಿಗೆ ಮೆತ್ತೆ ಇತ್ತಾ ಸರ್? ಗುಂಡು ಬರ್ತಾ ಇರೋವಾಗ ಜೀನು ಒತ್ತುತ್ತೆ ಅಂತ ಯಾರಾದ್ರೂ ಇಳಿದರಾ?” ಅವರಿಗೆ ಏನು ಉತ್ತರ ಕೊಡಲಿ? ಗೆದ್ದ ರಾತ್ರಿ ಅವರೆಲ್ಲ ಅಂಗಾತ ಮಲಗಿದರೋ ಬೋರಲು ಮಲಗಿದರೋ ಎಂಬುದನ್ನು ಯಾವ ಇತಿಹಾಸಕಾರರೂ ಬರೆದಿಟ್ಟಿಲ್ಲ.

ಆಫೀಸಿನಲ್ಲಿ ನನ್ನ ನಡಿಗೆ ನೋಡಿಯೇ ಸಲಹೆಗಳು ಶುರುವಾದವು. ಜಿಮ್ಮಿಗೆ ಹೋಗುವವನು ಹೊಟ್ಟೆಯ ಸ್ನಾಯು ಗಟ್ಟಿ ಮಾಡಿಕೊ ಅಂದ. ಸೈಕಲ್ ಹೊಡೆಯುವವನು ಸ್ಪಂಜಿನ ಚಡ್ಡಿ ಅಂದ. ಮೂರನೆಯವನು ಹರಳೆಣ್ಣೆ ಅಂದ. ಎಲ್ಲಿಗೆ ಎಂದು ಹೇಳಲಿಲ್ಲ. ಜೀವಮಾನದಲ್ಲಿ ಕುದುರೆಯನ್ನು ಮದುವೆ ಮೆರವಣಿಗೆಯಲ್ಲಿ ಮಾತ್ರ ನೋಡಿದ ಈ ಜನಕ್ಕೆ ಇನ್ನೊಬ್ಬರ ಕುಂಡಿಯ ವಿಷಯದಲ್ಲಿ ಇಷ್ಟು ಪಾಂಡಿತ್ಯ ಎಲ್ಲಿಂದ ಬರುತ್ತದೆ? ಸಿಟ್ಟು ಬಂತು. ಆದರೂ ಮೆತ್ತನೆಯ ಜೆಲ್ ಪ್ಯಾಡ್ ಒಂದನ್ನು ತರಿಸಿ ಜೀನಿನ ಮೇಲೆ ಹಾಕಿದೆ. ಮೊದಲ ಸುತ್ತು ಸ್ವರ್ಗ. ಎರಡನೆಯ ಸುತ್ತಿಗೆ ಅದು ಜಾರತೊಡಗಿತು, ಮೂರನೆಯದಕ್ಕೆ ಅದುವರೆಗೆ ನೋಯದೆ ಉಳಿದಿದ್ದ ಜಾಗವೂ ಉಜ್ಜಿ ಕೆಂಪಾಯಿತು.

ಕೊನೆಗೆ ಜೀನು ಮಾರುವವರೊಬ್ಬರಲ್ಲಿಗೆ ಹೋದೆ. ಕಾನ್ಪುರದಲ್ಲಿ ತಯಾರಾದ ಜೀನುಗಳು ಸಾಲಾಗಿ ಕೂತಿದ್ದವು, ಚರ್ಮದ ವಾಸನೆ ಮೂಗಿಗೆ ಹಿತವಾಗಿತ್ತು. ನಾನು ಸೊಂಟದ ಸುತ್ತಳತೆ ಹೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕುರ್ಚಿಯ ಮೇಲೆ ಕೂರಿಸಿ ಸೊಂಟದಿಂದ ಮಂಡಿಯವರೆಗೆ ಟೇಪು ಹಿಡಿದರು. “ಸರ್, ಜೀನಿನ ಅಳತೆ ನಿಮ್ಮ ದಪ್ಪಕ್ಕಲ್ಲ, ತೊಡೆಯ ಉದ್ದಕ್ಕೆ.” ಮುಂಭಾಗದ ಪಕ್ಕದಲ್ಲಿರುವ ಗುಂಡು ಮೊಳೆಯಿಂದ ಹಿಂಬದಿಯ ಏರಿನ ನಡುವಿನವರೆಗೆ ಎಷ್ಟು ಇಂಚೋ ಅದೇ ಜೀನಿನ ನಂಬರು. ಶಾಲೆಯಲ್ಲಿ ನನಗೆ ಕೊಟ್ಟಿದ್ದು 16 ಇಂಚಿನದು, ಹೈಸ್ಕೂಲು ಮಕ್ಕಳು ಕೂರುವಂಥದ್ದು. ನನ್ನದು ಉದ್ದ ತೊಡೆ. ಮಂಡಿಗೆ ಮುಂದೆ ಜಾಗ ಸಾಲದೆ ದೇಹವೆಲ್ಲ ಹಿಂದಕ್ಕೆ ತಳ್ಳಿಸಿಕೊಂಡು, ಬಾಲಮೂಳೆ ಜೀನಿನ ಹಿಂದಿನ ಏರಿಗೆ ಹೋಗಿ ಹೋಗಿ ಬಡಿಯುತ್ತಿತ್ತು. ಸರಿಯಾದ ಜೀನಿನಲ್ಲಿ ಕೂತಾಗ ಹಿಂದೆ ನಾಲ್ಕು ಬೆರಳು ಇಡುವಷ್ಟು ಜಾಗ ಉಳಿಯಬೇಕಂತೆ. ಹೈಫಾ ಗೆದ್ದವರನ್ನು ಕರೆತಂದು ಈ 16 ಇಂಚಿನಲ್ಲಿ ಕೂರಿಸಿ ನೋಡಲಿ ಉಸ್ತಾದರು.

18 ಇಂಚಿನದನ್ನು ಪರೀಕ್ಷೆಗೆಂದು ಕೊಟ್ಟರು. ಗೀರು ಬಿದ್ದರೆ ಕೊಂಡ ಹಾಗೆಯೇ ಎಂಬ ಷರತ್ತು. ಅದಕ್ಕೇ ರಿಕಾಬಿನ ಪಟ್ಟಿಗಳಿಗೆ ಹಳೆಯ ಕಾಲುಚೀಲ ತೊಡಿಸಬೇಕೆಂಬ ಉಪಾಯವನ್ನೂ ಅವರೇ ಹೇಳಿದರು. ಸ್ಕೂಟರಿನಲ್ಲಿ ಹಿಡಿಸದ್ದರಿಂದ ಬಸ್ಸು ಹತ್ತಿದೆ. ಕಂಡಕ್ಟರ್ ಒಮ್ಮೆ ಜೀನು ನೋಡಿ, ಒಮ್ಮೆ ನನ್ನ ನೋಡಿ, “ಕುದುರೆ ಹಿಂದಿನ ಬಸ್ಸಲ್ಲಿ ಬರ್ತಾ ಇದೆಯಾ?” ಅಂದ. ಕುದುರೆ ಏರಲಾರದೆ ಹಲ್ಲಣವನ್ನು ತಾವೇ ಹೊತ್ತು ಅಲೆಯುವವರ ಬಗ್ಗೆ ಅಲ್ಲಮಪ್ರಭು 12ನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ. ಲಗೇಜು ಟಿಕೆಟಿನ ವಿಷಯವನ್ನು ಮಾತ್ರ ನಮಗೆ ಬಿಟ್ಟಿದ್ದಾರೆ.

ಭಾನುವಾರದವರೆಗೆ ಕುದುರೆ ಸಿಗುವಂತಿಲ್ಲ. ಅಲ್ಲಿಯವರೆಗೆ ಕಾಯಲು ನನ್ನಿಂದಾಗಲಿಲ್ಲ. ನಮ್ಮ ಕಾಂಪೌಂಡ್ ಗೋಡೆ ಎದೆಯೆತ್ತರಕ್ಕಿದೆ, ಒದೆಯುವುದಿಲ್ಲ, ಲದ್ದಿ ಹಾಕುವುದಿಲ್ಲ. ನಸುಕಿನಲ್ಲೇ ಎದ್ದು ಕಂಬಳಿ ಮಡಚಿ ಗೋಡೆಗೆ ಹೊದಿಸಿ, ಮೇಲೆ ಜೀನು ಇಟ್ಟೆ. ಹೆಲ್ಮೆಟ್ ಇಲ್ಲದೆ ಜೀನು ಹತ್ತಬಾರದು ಎಂಬುದು ಉಸ್ತಾದರ ನಿಯಮ. ಗೋಡೆಗೆ ವಿನಾಯಿತಿ ಇದೆ ಎಂದು ಅವರೇನೂ ಹೇಳಿರಲಿಲ್ಲವಾದ್ದರಿಂದ ಹೆಲ್ಮೆಟ್ ಹಾಕಿಕೊಂಡೆ. ಎಡಗಾಲು ರಿಕಾಬಿಗಿಟ್ಟು ಮೈ ಎತ್ತಿದೊಡನೆ ಜೀನು ಕಂಬಳಿಯ ಸಮೇತ ನನ್ನ ಕಡೆಗೇ ಇಳಿದುಬಂತು. ಗೋಡೆಗೆ ಹೊಟ್ಟೆಪಟ್ಟಿ ಕಟ್ಟಲು ಹೊಟ್ಟೆ ಎಲ್ಲಿದೆ? ಪ್ಲಾಸ್ಟಿಕ್ ಸ್ಟೂಲು ತಂದು, ನಲ್ಲಿಯ ಪೈಪು ಹಿಡಿದು, ಸದ್ದಿಲ್ಲದೆ ಏರಿ ಕೂತೆ.

ಆಹಾ! ಎಡಗಾಲು ನನ್ನ ಸೈಟಿನಲ್ಲಿ, ಬಲಗಾಲು ಪಾಲಿಕೆಯ ಜಾಗದಲ್ಲಿ. ಹಿಂದೆ ಕೈ ಹಾಕಿ ನೋಡಿದೆ, ನಾಲ್ಕು ಬೆರಳು ಸಲೀಸಾಗಿ ಕೂತವು. ಮಂಡಿ ತನ್ನ ಜಾಗದಲ್ಲಿ, ಬಾಲಮೂಳೆ ಯಾರ ತಂಟೆಗೂ ಹೋಗದೆ ನೆಮ್ಮದಿಯಲ್ಲಿ. ಏಳು, ಕೂರು, ಏಳು, ಕೂರು ಎಂದು ಮೆಲ್ಲಗೆ ಎಣಿಸುತ್ತಾ ಟ್ರಾಟ್ ಶುರುಮಾಡಿದೆ.

ಅಷ್ಟರಲ್ಲಿ ಮೂರನೇ ಕ್ರಾಸಿನ ಅಜ್ಜಿ ಬಂದರು. ನಮ್ಮ ದಾಸವಾಳದ ಹೂವಿನಿಂದಲೇ ದಿನವೂ ಅವರ ಮನೆಯ ಪೂಜೆ. ನಾವು ಏಳುವ ಮೊದಲೇ ಗೋಡೆಯಾಚೆಯಿಂದ ಕೊಂಬೆ ಬಗ್ಗಿಸಿ ಕಿತ್ತುಕೊಂಡು ಹೋಗುವುದು ಅವರ ಪದ್ಧತಿ. ಇವತ್ತು ಕೊಂಬೆಯ ಪಕ್ಕದಲ್ಲೇ ಹೆಲ್ಮೆಟ್ ಧರಿಸಿದ ಯಜಮಾನ ಏಳುತ್ತಾ ಕೂರುತ್ತಾ ಇದ್ದಾನೆ. ಅಜ್ಜಿ ಪ್ಲಾಸ್ಟಿಕ್ ಕವರನ್ನು ಸೆರಗಿನೊಳಗೆ ಸೇರಿಸಿ ನಿಂತರು.

“ಏನಪ್ಪಾ, ಗೇಟಿನ ಬೀಗದ ಕೈ ಕಳಕೊಂಡ್ಯಾ?”

“ಇಲ್ಲ ಅಜ್ಜಿ, ಜೀನು ನೋಡ್ತಾ ಇದ್ದೀನಿ.”

“ಯಾರಿಗೆ?”

“ನನಗೇ.”

ಅಜ್ಜಿ ಕಾಲುಚೀಲ ತೊಟ್ಟ ರಿಕಾಬಿನ ಪಟ್ಟಿ ನೋಡಿದರು, ಗೋಡೆ ನೋಡಿದರು. ಜೀವನದಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನು ಎಷ್ಟೋ ಕಂಡವರ ಸಮಾಧಾನ ಅವರ ಮುಖದಲ್ಲಿತ್ತು. “ಸರಿ. ಹೆಂಗೂ ಮೇಲೇ ಇದ್ದೀಯ, ಆ ತುದಿ ಕೊಂಬೆದು ನಾಕು ಹೂವು ಕಿತ್ತುಕೊಡು. ನನಗೆ ಎಟಕಲ್ಲ.”

ರಿಕಾಬಿನಲ್ಲಿ ಎದ್ದು ನಿಂತು, ಮುಂದಕ್ಕೆ ಬಾಗಿ, ಹೂವು ಕಿತ್ತು ಕೊಟ್ಟೆ. “ಮೊಗ್ಗು ಬೇಡ, ಅರಳಿದ್ದು.” ಮತ್ತೆ ಎದ್ದೆ. “ಈ ಕಡೆ ಬಿಳಿದೂ ಇದೆ ನೋಡು.” ಹಾಲಿನ ಹುಡುಗ ಬಂದು, ಇದೆಲ್ಲ ದಿನವೂ ನಡೆಯುವುದೇ ಎಂಬಂತೆ ನಂದಿನಿ ಪ್ಯಾಕೆಟ್ಟುಗಳನ್ನು ನನ್ನ ಎಡಗೈಗೆ ಕೊಟ್ಟು ಹೋದ. ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆರೆದ ಹೆಂಡತಿ ಒಂದು ಕ್ಷಣ ನಿಂತು, ಮಾತಾಡದೆ ಒಳಗೆ ಹೋಗಿ, ಚಿಲಕ ಹಾಕಿಕೊಂಡಳು. ಬಲಗೈಯಲ್ಲಿ ದಾಸವಾಳ, ಎಡಗೈಯಲ್ಲಿ ಹಾಲು, ಹಿಡಿಯಲು ಲಗಾಮೂ ಇಲ್ಲ; ಆದರೂ ಏಳುವಾಗ ನಾನು ಮುಗ್ಗರಿಸಲಿಲ್ಲ, ಕೂರುವಾಗ ಕುಕ್ಕರಿಸಲಿಲ್ಲ. ರಿಕಾಬು ಸೊಂಟದ ನೇರಕ್ಕೆ ಇದ್ದರೆ ಮಾತ್ರ ಹೀಗಾಗುತ್ತದೆ. ತೀರಾ ಮುಂದೆ ತೂಗುಬಿಟ್ಟರೆ ಕಾಲು ಮುಂದಕ್ಕೋಡಿ, ಸವಾರ ಆರಾಮಕುರ್ಚಿಯ ಭಂಗಿಯಲ್ಲಿ ಹಿಂದಕ್ಕೆ ಕುಸಿಯುತ್ತಾನೆ. ಮೆತ್ತೆ ಎಷ್ಟು ದಪ್ಪವಿದ್ದರೂ ಮೂಳೆಗೆ ಬೇಕಾದ್ದು ಈ ಹದವೇ ಎಂದು ನನಗೆ ಖಾತ್ರಿಯಾದದ್ದು ಅಜ್ಜಿಯ ಪೂಜೆಯ ದೆಸೆಯಿಂದ.

ಭಾನುವಾರ ಜೀನನ್ನು ಕೆಂಚಿಯ ಬೆನ್ನಿಗಿಟ್ಟೆವು. ಉಸ್ತಾದರು ನನ್ನನ್ನು ಹತ್ತಿಸಿ, ಜೀನಿನ ಮುಂದಿನ ಕಮಾನಿಗೂ ಅವಳ ಹೆಗಲ ದಿಬ್ಬಕ್ಕೂ ನಡುವೆ ಬೆರಳು ತೂರಿಸಲು ನೋಡಿದರು. ಒಂದು ಬೆರಳೂ ಹೋಗಲಿಲ್ಲ.

“ಇಳೀರಿ ಸರ್. ನಿಮಗೆ ಸರಿ, ಅವಳಿಗಲ್ಲ.”

ಇನ್ನೂ ಒಂದು ಸುತ್ತೂ ಹಾಕಿರಲಿಲ್ಲ. “ಗೋಡೆ ಮೇಲೆ ಸರಿಯಾಗಿತ್ತಲ್ಲ ಉಸ್ತಾದ್” ಎಂದೆ.

“ಗೋಡೆಗೆ ನೋವಿಲ್ಲ ಸರ್.”

ಅವರು ನನ್ನನ್ನು ಲಾಯದ ಕೊನೆಗೆ ಕರೆದುಕೊಂಡು ಹೋದರು. ಪ್ರವಾಸಿಗರನ್ನು ಹೊರುತ್ತಿದ್ದ ಕಂದು ಕುದುರೆಯೊಂದನ್ನು ಯಾರೋ ಬಿಡಿಸಿ ತಂದು ಅಲ್ಲಿ ಸಾಕುತ್ತಿದ್ದರು. ಹೆಗಲ ದಿಬ್ಬದ ಎರಡೂ ಬದಿಗೆ ಅಂಗೈಯಗಲ ಬಿಳಿ ಕೂದಲು. ಹುಟ್ಟು ಮಚ್ಚೆ ಅಂದುಕೊಂಡೆ. ಅಲ್ಲವಂತೆ. ಅಳತೆಗೆ ಕೂಡದ ಜೀನು ಅದೇ ಜಾಗದಲ್ಲಿ ಒತ್ತಿ ಒತ್ತಿ ಕೂದಲಿನ ಬುಡ ಕೆಡುತ್ತದೆ. ಗಾಯ ಮಾಯ್ದರೂ ಅಲ್ಲಿ ಬರುವ ಕೂದಲು ಬಿಳಿಯದು. ಉಸ್ತಾದರು ಬೆರಳು ತಾಗಿಸುವ ಮೊದಲೇ, ಕೈ ಹತ್ತಿರ ಬಂದದ್ದಕ್ಕೇ ಅದರ ಚರ್ಮ ನಡುಗಿತು. ನಾನು ಇಷ್ಟು ದಿನ ಆಫೀಸಿನಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ನನ್ನ ನೋವನ್ನು ಡಂಗುರ ಸಾರಿಕೊಂಡು ಬಂದಿದ್ದೆ. ಈ ಪ್ರಾಣಿ ವರ್ಷಗಟ್ಟಲೆ ಅಪರಿಚಿತರ ಮಕ್ಕಳನ್ನು ಹೊತ್ತು ಫೋಟೊಗೆ ನಿಂತಿದೆ.

ಉಳಿದದ್ದು ಬೇಗ ಮುಗಿಯಿತು. ಜೀನಿನೊಳಗಿನ ಮರದ ಚೌಕಟ್ಟು ಕೆಂಚಿಯ ಬೆನ್ನಿನಗಲಕ್ಕೂ ಮೇಲಿನ ಕೂರುವ ಜಾಗ ನನ್ನ ತೊಡೆಗೂ ಹೊಂದುವಂಥ, ಯಾರೋ ಬಳಸಿ ಹದಗೊಳಿಸಿದ್ದ 18 ಇಂಚಿನ ಇನ್ನೊಂದು ಜೀನು ಸಿಕ್ಕಿತು. ನನ್ನ ಪರೀಕ್ಷೆಗೆ ಗೋಡೆ, ಅವಳ ಪರೀಕ್ಷೆಗೆ ಉಸ್ತಾದರ ಬೆರಳು. ಎರಡರಲ್ಲೂ ಅದು ಪಾಸಾಯಿತು. “ಜೀನಿನ ನೆಪ ಮುಗೀತು ಸರ್, ಇನ್ನು ಕೂರೋದು ಕಲೀರಿ” ಎಂದು ಉಸ್ತಾದರು ಕಹಿಯಾಗಿಯೇ ಅಭಿನಂದಿಸಿದರು. ಅಜ್ಜಿ ಈಗಲೂ ನಸುಕಿನಲ್ಲಿ ಬಂದು, ನಾನು ಗೋಡೆಯ ಮೇಲೆ ಇಲ್ಲದ್ದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ.

ಬೇಸಿಗೆ ರಜೆಗೆ ಊಟಿಗೋ ಮಹಾಬಲೇಶ್ವರಕ್ಕೋ ಹೋಗಿ ಮಕ್ಕಳನ್ನು ಕುದುರೆಯ ಮೇಲೆ ಕೂರಿಸುವವರಲ್ಲಿ ಒಂದೇ ಮನವಿ. ರೇಟು ಕೇಳುವ ಮೊದಲು ಜೀನು ಎತ್ತಿ ತೋರಿಸಿ ಎಂದು ಕೇಳಿ. ಕೆಳಗೆ ಹಸಿ ಗಾಯವಿದ್ದರೆ, ಜೀನಿನ ಬದಲು ಗೋಣಿಚೀಲ ಹೊದಿಸಿ ಹಗ್ಗ ಬಿಗಿದಿದ್ದರೆ, ಹತ್ತಿಸಬೇಡಿ. ಕುದುರೆಯವನ ಮುಖ ನೋಡಿ ಮರುಕ ಬಂದರೆ ಸವಾರಿಯ ದುಡ್ಡು ಅವನ ಕೈಗಿಟ್ಟು ಬನ್ನಿ. ಆದರೆ ಹತ್ತಿಸಬೇಡಿ.