ಬಿಸಿಲಿಗೊಂದು ಕೋಣೆ, ಕೋಣೆಗೊಂದು ಏಸಿ

ಮಂಗಳೂರಿನ ಒಂದು ಮನೆಯ ಪಡುವಣ ಬದಿಗೆ ಹೊಸದಾಗಿ ಅಂಟಿಕೊಂಡಿರುವ ಕೋಣೆ ಇವರು. ಹತ್ತಡಿಗೆ ಹತ್ತಡಿ, ಗೋಡೆಯೂ ಗಾಜು, ಮಾಡೂ ಗಾಜು, ಹೆಸರು ಸನ್‌ರೂಮ್. ಏಪ್ರಿಲ್ ಕೊನೆಯ ವಾರ, ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತು ನೆರಳು ಕಾಲಡಿಗೆ ಸೇರುವ ದಿನಗಳು. ಸಂದರ್ಶನ ಬಾಗಿಲ ಹೊರಗೇ ನಡೆಯಿತು. ಒಳಗೆ ಕೂರಬೇಕೆಂದು ಕೋಣೆಯೂ ಒತ್ತಾಯಿಸಲಿಲ್ಲ.

ಪ್ರಶ್ನೆ: ನಿಮ್ಮ ಕುಲಮೂಲದಿಂದಲೇ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾಯಿತು, 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು, ಉಳ್ಳವರ ಮನೆಗಳಿಗೆ ಗಾಜಿನ ಕೋಣೆಗಳು ಬಂದವು. ಲಂಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಅಂಥವರು ಬಿಸಿಲನ್ನು ಹಿಡಿದಿಟ್ಟುಕೊಳ್ಳಲು ಬೋನು ಕಟ್ಟಿದ್ದು ನ್ಯಾಯವೇ. ನಮ್ಮ ಲಾಲ್‌ಬಾಗಿನಲ್ಲೂ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು, ಆದರೆ ಅದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ, ಹೂಗಿಡಗಳಿಗಾಗಿ ಕಟ್ಟಿದ್ದು. ಮಂಗಳೂರು 13 ಡಿಗ್ರಿಯ ಹತ್ತಿರ, ಕಡಲ ದಂಡೆಯಲ್ಲಿದೆ. ಇಲ್ಲಿ ಬಿಸಿಲಿಗೆ ಬರ ಬಂದದ್ದು ಯಾವಾಗ?

ಸನ್‌ರೂಮ್: ಬರ ಬಂದದ್ದು ಬಿಸಿಲಿಗಲ್ಲ ಮಾರಾಯ್ರೆ, ಫೋಟೋಕ್ಕೆ. ನನ್ನ ಬ್ರೋಷರ್ ನೋಡಿದ್ದೀರಾ? ಬೆತ್ತದ ಕುರ್ಚಿ, ಮಗುಚಿಟ್ಟ ಪುಸ್ತಕ, ಹಬೆಯಾಡುವ ಚಹಾ. ಫೋಟೋದಲ್ಲಿ ಬೆವರು ಕಾಣುವುದಿಲ್ಲ ನೋಡಿ. ಹಾಗಂತ ನನಗೆ ಇಲ್ಲಿ ನೆಂಟರಿಲ್ಲ ಎನ್ನಬೇಡಿ. ಪುತ್ತೂರು, ಸುಳ್ಯದ ಕಡೆ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಕಟ್ಟುತ್ತಾರಲ್ಲ, ಅವನು ನನ್ನ ದಾಯಾದಿ. ಇಬ್ಬರದ್ದೂ ಒಂದೇ ಕಸುಬು: ಬಿಸಿಲನ್ನು ಒಳಗೆ ಬಿಡುವುದು, ಬಿಸಿಯನ್ನು ಹೊರಗೆ ಬಿಡದಿರುವುದು. ಅವನೊಳಗೆ ಸೋಫಾ ಹಾಕಲು ಮಾತ್ರ ಯಾರಿಗೂ ತೋಚಿಲ್ಲ.

ಪ್ರಶ್ನೆ: ಹಾಗಾದರೆ ಲೆಕ್ಕಕ್ಕೆ ಬರೋಣ. ಕೊಟೇಶನ್ನಿನಲ್ಲಿ ಚದರಡಿಗೆ ಇಷ್ಟು ಎಂದು ಬರೆದಿರುತ್ತದೆ, ಮನೆಯವರು ಅದನ್ನೇ ಖರ್ಚು ಎಂದುಕೊಳ್ಳುತ್ತಾರೆ. ಅದು ಬರೀ ಪ್ರವೇಶ ಶುಲ್ಕ. ನಿರಭ್ರ ಮಧ್ಯಾಹ್ನದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 1,000 ವಾಟ್ ಬಿಸಿಲು ಬೀಳುತ್ತದೆ, ಸಾದಾ ಗಾಜು ಅದರಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಪಾಲನ್ನು ಒಳಗೆ ಬಿಡುತ್ತದೆ. ನಿಮ್ಮ ಮಾಡು 9 ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಏಳು ಕಿಲೋವಾಟಿಗೂ ಮೀರಿದ ಶಾಖ, ಎರಡು ಟನ್ನಿನ ಏಸಿ ಪೂರ್ತಿ ದುಡಿದರೂ ಸಾಲದಷ್ಟು. ಇದು ಮಾಡಿನ ಪಾಲು ಮಾತ್ರ. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಪಡುವಣ ಗೋಡೆಯ ಸರದಿ. ಆ ಶಾಖವನ್ನು ಹೊರಗೆ ತಳ್ಳಲು ಗಂಟೆಗೆ ಎರಡು ಯೂನಿಟ್ ಅಂತ ಹಿಡಿದರೂ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 300 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿ ಗರಿಷ್ಠ 200. ಅದನ್ನು ದಾಟಿದರೆ ಇಡೀ ಬಿಲ್ಲು ಮನೆಯವರದ್ದೇ. ಬಿಸಿಲು ಬರಲಿ ಎಂದು ಒಮ್ಮೆ ದುಡ್ಡು, ಬಂದ ಬಿಸಿಲು ಹೋಗಲಿ ಎಂದು ತಿಂಗಳು ತಿಂಗಳು ದುಡ್ಡು. ಇದಕ್ಕೆ ಏನನ್ನುತ್ತೀರಿ?

ಸನ್‌ರೂಮ್: ಮೆಸ್ಕಾಂನವರು ನನ್ನನ್ನು ಮನೆಮಗನ ಹಾಗೆ ಕಾಣಬೇಕು ಅನ್ನುತ್ತೇನೆ. ಆದರೆ ನೀವು ಹಳೆಯ ಗಾಜಿನ ಲೆಕ್ಕ ಹೇಳುತ್ತಿದ್ದೀರಿ. ಈಗ ಶಾಖ ತಡೆಯುವ ಗಾಜು ಬಂದಿದೆ. ಲೇಪನ ಇರುವಂಥದ್ದು, ಎರಡು ಪದರದ್ದು.

ಪ್ರಶ್ನೆ: ಬಂದಿದೆ, ಕೆಲಸವನ್ನೂ ಮಾಡುತ್ತದೆ. ಒಳ್ಳೆಯದನ್ನು ಹಾಕಿದರೆ ಶಾಖ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೆ ಬಿಸಿಲಿಗೆಂದೇ ಕಟ್ಟಿದ ಕೋಣೆಗೆ ಬಿಸಿಲು ತಡೆಯುವ ಗಾಜು, ಅದರ ಒಳಗೆ ಬ್ಲೈಂಡ್ಸ್, ಅದರ ಹಿಂದೆ ಪರದೆ ಹಾಕಿದ ಮೇಲೆ ಉಳಿಯುವುದು ಮಾಮೂಲಿ ಕೋಣೆಯೇ, ದರ ಮಾತ್ರ ಬೇರೆ. ಕಡಲ ಗಾಳಿಯ ಉಪ್ಪಿಗಂತೂ ಗಾಜಿನ ಲೇಪನ ಲೆಕ್ಕಕ್ಕಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೂ ಇಲ್ಲಿ ಕಂದು ಕಲೆ ಹಿಡಿಯುತ್ತದೆ, ಮಾಲಿಬ್ಡಿನಮ್ ಬೆರೆತ 316 ಬೇಕಾಗುತ್ತದೆ. ನಿಮ್ಮ ಈ ಬಿಜಾಗ್ರಿಯ ಸ್ಕ್ರೂ ನೋಡಿ: ತಲೆ ಹೊಳೆಯುತ್ತಿದೆ, ಕತ್ತಿನ ಸುತ್ತ ಚಹಾದ ಕರೆಯಂಥ ಬಳೆ. ಇನ್ನು ಟಫನ್ಡ್ ಗಾಜನ್ನು ಹದ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ. ಒಂದು ಹಲಗೆ ಒಡೆದರೆ ಅಳತೆ ಕೊಟ್ಟು ಹೊಸದನ್ನೇ ಮಾಡಿಸಬೇಕು.

ಸನ್‌ರೂಮ್: ಒಡೆಯುವ ಮಾತು ಬೇಡ. ಪಕ್ಕದ ಮನೆಯ ತೆಂಗಿನ ಮರ ಈಚೆಗೇ ವಾಲಿದೆ. ಒಂದು ಹೇಳಿ, ಮಳೆಗಾಲದಲ್ಲಾದರೂ ನಾನು ಬೇಡವಾ? ಆಟಿ ತಿಂಗಳ ಮಳೆ ನೋಡುತ್ತಾ ಕೂರುವ ಸುಖಕ್ಕೆ ಬೆಲೆ ಇಲ್ಲವಾ?

ಪ್ರಶ್ನೆ: ಇದೊಂದು ಗಟ್ಟಿ ಮಾತು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಜಗಲಿಗೂ ಎರಚಲು ಹೊಡೆಯುತ್ತದೆ, ಗಾಜು ಅದನ್ನು ತಡೆಯುತ್ತದೆ. ಆದರೆ ಆ ಸುಖಕ್ಕೆ ಗಾಜಿನ ಮಾಡು ಯಾಕೆ ಬೇಕು? ಮಳೆಯನ್ನು ನೋಡುವುದು ಎದುರಿಗೆ, ನೆತ್ತಿಯಿಂದಲ್ಲ. ಮಾಡಿಗೆ ಹೆಂಚು ಇದ್ದೇ ಇದೆ: ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲೇ ಹೆಂಚಿನ ಕಾರ್ಖಾನೆ ತೆರೆದರು. ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತದೆ, ಉದ್ದಕ್ಕೆ ಇಳಿಬಿಟ್ಟ ಮಾಡು ಬಿಸಿಲನ್ನು ಅಂಗಳದಲ್ಲೇ ನಿಲ್ಲಿಸುತ್ತದೆ. ಅದರಡಿ ಬಡಗು ದಿಕ್ಕಿಗೆ ತೆರೆಯುವ ಗಾಜಿನ ಕಿಟಕಿ ಇಟ್ಟರೆ ಮಳೆಯೂ ಕಂಡೀತು, ಗಾಳಿಯೂ ಆಡೀತು. ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ ಕೂಡ ಸೆಖೆಯ ನಾಡಿಗೆ ಕೇಳಿದ್ದು ಗಾಜಿನ ಲೆಕ್ಕವನ್ನಷ್ಟೇ ಅಲ್ಲ. ತೆರೆಯಲು ಬರುವ ಜಾಗ ನೆಲದ ಆರನೇ ಒಂದು ಭಾಗವಾದರೂ ಇರಲಿ ಎಂದೂ ಕೇಳಿತ್ತು. ನಿಮ್ಮಲ್ಲಿ ತೆರೆಯುವಂಥದ್ದು ಎಷ್ಟಿದೆ?

ಸನ್‌ರೂಮ್: ಈ ಬಾಗಿಲೊಂದು. ಏಸಿ ಗಾಳಿ ಸೋರುತ್ತದೆ ಅಂತ ಅದನ್ನೂ ಮುಚ್ಚಿಡಲು ಹೇಳಿದ್ದಾರೆ.

ಪ್ರಶ್ನೆ: ಈಗ ಒಳಗೆ ಯಾರಿದ್ದಾರೆ?

ಸನ್‌ರೂಮ್: ಸೋಫಾದ ಮೇಲೆ ಒಂದು ಸೀರೆ ಹಾಸಿ ಹಲಸಿನ ಹಪ್ಪಳ ಹರವಿದ್ದಾರೆ. ಮನೆಯವರೆಲ್ಲ ಆಚೆ ಜಗಲಿಯಲ್ಲಿದ್ದಾರೆ. ನೀವು ಅಲ್ಲೇ ಹೋಗಿ ಕೂತುಕೊಳ್ಳಿ, ಮಜ್ಜಿಗೆ ಕೊಟ್ಟಾರು.